ಮೇಡಂ ಮನೆಯಲ್ಲಿರಲಿಲ್ಲ

ಬೀದರಿನಲ್ಲಿ ಪಶು ಆಹಾರದ ವಿಷಯವಾಗಿ ಎಂ.ವಿ.ಎಸ್ಸಿ. ಮುಗಿಸಿದ ವಿಜಯಲಕ್ಷ್ಮಿಗೆ ಜೆ.ಪಿ. ನಗರದ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕ ದಿನ ಅವಳ ತಾಯಿ ಶರಣಮ್ಮ ರೋಣದಿಂದ ಫೋನು ಮಾಡಿ, "ದನಕರಕ್ಕ ಹಾಕೂ ಹಿಂಡಿ ಕೆಲಸ ಹೌದಲ್ಲವಾ?" ಎಂದು ಕೇಳಿದ್ದಳು. ವಿಜಯಲಕ್ಷ್ಮಿ "ಹೂಂ ಬೇ" ಎಂದುಬಿಟ್ಟಿದ್ದಳು. ಆ ಕಂಪನಿಯಲ್ಲಿ ದನಗಳಿಗೆ ಸಂಬಂಧಪಟ್ಟಿದ್ದು ಏನೂ ಇರಲಿಲ್ಲ. ಅವರು ತಯಾರಿಸುತ್ತಿದ್ದುದು ಕೋಳಿ ಮತ್ತು ಹಂದಿಯ ಆಹಾರದಲ್ಲಿ ಬೆರೆಸುವ ಪುಡಿಗಳನ್ನು. ನಿಜ ಹೇಳಲು ಅವಳಿಗೆ ಮೂರು ವರ್ಷ ಸಮಯವಿತ್ತು. ಪೂಜೆಯಾಗದೆ ಬಾಯಿಗೆ ನೀರು ಹಾಕದ ತಾಯಿಯ ಮುಂದೆ, ಬೈಗುಳವಾಗಿ ಬಿಟ್ಟು ಬೇರೆ ಹೊತ್ತಿನಲ್ಲಿ ಹಂದಿಯ ಹೆಸರನ್ನೇ ಎತ್ತದ ಮನೆಯಲ್ಲಿ, ಹೇಗೆ ಶುರು ಮಾಡುವುದೆಂದು ತಿಳಿಯದೆ ಅದು ಹಾಗೇ ಉಳಿದುಕೊಂಡಿತ್ತು.

ಆ ವರ್ಷ ಕಂಪನಿ ಹೊಸ ಪುಡಿಯೊಂದನ್ನು ಹಂದಿಮರಿಗಳ ಮೇಲೆ ಪರೀಕ್ಷಿಸುತ್ತಿತ್ತು. ತಾಯಿಯಿಂದ ಬಿಡಿಸಿದ ಹೊಸತರಲ್ಲಿ ಮರಿಗಳಿಗೆ ಭೇದಿ ಹತ್ತಿಕೊಳ್ಳುತ್ತದೆ. ಅದನ್ನು ತಡೆಯಲು ಸಾಕಣೆದಾರರು ಆಹಾರಕ್ಕೆ ಆಂಟಿಬಯೋಟಿಕ್ ಬೆರೆಸುತ್ತಾರೆ. ಅದರ ಬದಲು ಕೆಲವು ಆಮ್ಲಗಳ ಲವಣ, ಓಮ ಮತ್ತು ದಾಲ್ಚಿನ್ನಿಯ ಎಣ್ಣೆ ಸೇರಿಸಿ ಮಾಡಿದ ಪುಡಿ ಕೆಲಸ ಮಾಡುತ್ತದೆಯೇ ಎಂಬುದು ಪ್ರಶ್ನೆ. ಕೋಳಿಗಳಲ್ಲಿ ಒಳ್ಳೆಯ ಫಲಿತಾಂಶ ಬಂದಿತ್ತು. ಹಂದಿಯ ಪರೀಕ್ಷೆ ಪೂರ್ತಿಯಾಗಿ ವಿಜಯಲಕ್ಷ್ಮಿಯ ಹೊಣೆ. ಅದಕ್ಕೆ ಅವಳು ಆರಿಸಿಕೊಂಡಿದ್ದು ವಸಂತಪುರದಾಚೆಗಿನ ದಾಸಪ್ಪನ ಹಂದಿಗೂಡುಗಳನ್ನು.

ದಾಸಪ್ಪನಿಗೆ ಐವತ್ತೈದರ ಆಸುಪಾಸು. ಅವನ ಅಪ್ಪನೂ ಹಂದಿ ಸಾಕಿದವನೇ. ಸುತ್ತಲಿನ ಹೊಲಗಳೆಲ್ಲ ಲೇಔಟುಗಳಾಗಿ, ಲೇಔಟುಗಳ ಮೇಲೆ ಅಪಾರ್ಟ್‌ಮೆಂಟುಗಳೆದ್ದು, ಅವನ ಅರ್ಧ ಎಕರೆ ಮಾತ್ರ ಎರಡು ಕಾಂಪೌಂಡುಗಳ ನಡುವೆ ಸಿಕ್ಕಿಕೊಂಡಂತೆ ಉಳಿದಿತ್ತು. ವಾಸನೆಯ ಬಗ್ಗೆ ಆಗಾಗ ದೂರು ಹೋಗುತ್ತಿತ್ತು, ಯಾರೋ ಬಂದು ನೋಡಿಕೊಂಡು ಹೋಗುತ್ತಿದ್ದರು. ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಕನಕಪುರ ರಸ್ತೆಯ ಛತ್ರಗಳಿಗೂ ಹೋಟೆಲುಗಳಿಗೂ ಹೋಗಿ ಉಳಿದ ಅನ್ನ, ತರಕಾರಿ ತರುವುದು, ಬೇಯಿಸಿ ದೊಡ್ಡ ಹಂದಿಗಳಿಗೆ ಹಾಕುವುದು ಅವನ ದಿನಚರಿ. ಮಗಳು ತೇಜಸ್ವಿನಿ ಜಯನಗರದಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ಪರೀಕ್ಷೆಯ ಪುಸ್ತಕ ಬರೆಯುವ ಕೆಲಸವನ್ನು ವಿಜಯಲಕ್ಷ್ಮಿ ಅವಳಿಗೇ ವಹಿಸಿದ್ದಳು. ಯಾವ ಗೂಡಿಗೆ ಎಷ್ಟು ಫೀಡ್ ಹಾಕಿದರು, ಎಷ್ಟು ಉಳಿಯಿತು, ಯಾವ ಮರಿಗೆ ಭೇದಿಯಾಯಿತು ಎಲ್ಲವನ್ನೂ ಅವಳು ದುಂಡನೆಯ ಅಕ್ಷರಗಳಲ್ಲಿ ಬರೆದಿಡುತ್ತಿದ್ದಳು.

ನಲವತ್ತೆಂಟು ಮರಿ, ಎಂಟು ಗೂಡು. ನೀಲಿ ಬಣ್ಣ ಹಚ್ಚಿದ ನಾಲ್ಕು ಗೂಡುಗಳಿಗೆ ಪುಡಿ ಬೆರೆಸಿದ ಫೀಡ್, ಹಸಿರು ಬಣ್ಣದ ನಾಲ್ಕಕ್ಕೆ ಬೆರೆಸದ ಫೀಡ್. ಮೊದಲ ದಿನವೇ ವಿಜಯಲಕ್ಷ್ಮಿ ಕಟ್ಟುನಿಟ್ಟಾಗಿ ಹೇಳಿದ್ದಳು: "ನನ್ನನ್ನ ಕೇಳ್ದೆ ಯಾವ ಗೂಡಿಗೂ ಫೀಡ್ ಬದಲಾಯಿಸಬಾರ್ದು. ಒಂದು ಹೊತ್ತು ತಪ್ಪಿದ್ರೂ ಇಷ್ಟು ದಿನದ ಕೆಲಸ ನೀರಲ್ಲಿ ಹೋಗುತ್ತೆ."

"ಮಾತು ಕೊಟ್ಟ ಮೇಲೆ ಆಯ್ತು ವಿಜಯಮ್ಮ" ಎಂದಿದ್ದ ದಾಸಪ್ಪ.

ಅವನಿಂದ ಅವಳು ಕಲಿತದ್ದು ಕಡಿಮೆಯಲ್ಲ. ಮರಿಯನ್ನು ಕಿರುಚಿಸದೆ ಎದೆಗೆ ಕೈಕೊಟ್ಟು ಎತ್ತುವುದು ಹೇಗೆ, ನಾಳೆ ಭೇದಿ ಹಿಡಿಯುವ ಮರಿ ಇವತ್ತೇ ಹೇಗೆ ಗುಂಪಿನಿಂದ ಬೇರೆಯಾಗಿ ಮೂಲೆಗೆ ಒತ್ತಿಕೊಂಡು ಮಲಗುತ್ತದೆ ಎಂಬುದನ್ನೆಲ್ಲ ಅವನು ತೋರಿಸಿಕೊಟ್ಟಿದ್ದ. ತೂಕ ಹಾಕುವ ದಿನ ಅವರ ಮನೆಯ ಜಗಲಿಯಲ್ಲಿ ಕೂತು ಅವಳು ಟೀ ಕುಡಿಯುತ್ತಿದ್ದಳು. ಆಮೇಲೆ ಆಫೀಸಿನಲ್ಲಿ ಸ್ನಾನ ಮಾಡಿ, ಬಟ್ಟೆ ಬದಲಿಸಿಕೊಂಡು ಬಿ.ಟಿ.ಎಂ. ಎರಡನೇ ಹಂತದ ಬಾಡಿಗೆ ಮನೆಗೆ ಹೋಗುತ್ತಿದ್ದಳು.

ಪರೀಕ್ಷೆಯ ಮೂರನೆಯ ವಾರದಲ್ಲಿ ಶರಣಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬೆಂಗಳೂರಿಗೆ ಬಂದಳು. ಆಪರೇಷನ್ ಸುಸೂತ್ರವಾಗಿ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು, ಮಗಳ ಮನೆಯಲ್ಲಿ ಅಡ್ಡಾಡುತ್ತ, ಡಬ್ಬಿಗಳನ್ನೆಲ್ಲ ತೆಗೆದು ಒರೆಸಿ ಇಡುತ್ತಿದ್ದಳು. ಭಾನುವಾರ ಅವಳನ್ನು ನೋಡಲೆಂದು ಇಟ್ಟಮಡುವಿನಿಂದ ದುಂಡಪ್ಪ ಮಾವ ಮತ್ತು ರೇಣುಕವ್ವ ಅತ್ತೆ ಬಂದರು. ದುಂಡಪ್ಪ ಶರಣಮ್ಮನ ದೊಡ್ಡಪ್ಪನ ಮಗ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಬಂದಿದ್ದರು. ಹನ್ನೊಂದಕ್ಕೆಲ್ಲ ಎಲ್ಲರೂ ತಾಟು ಹಿಡಿದು ಕೂತಿದ್ದರು. ವಿಜಯಲಕ್ಷ್ಮಿ ಬೆಳಿಗ್ಗೆಯೇ ಫೋನಿನ ದನಿ ಅಡಗಿಸಿ ಫ್ರಿಜ್ಜಿನ ಮೇಲೆ ಕವುಚಿಟ್ಟಿದ್ದಳು. ಮನೆಯವರು ಇರುವಾಗ ದಾಸಪ್ಪನ ಫೋನು ಬಂದರೆ ಎಂಬ ಅಳುಕು ಅವಳಿಗೆ ತಾಯಿ ಬಂದ ದಿನದಿಂದಲೂ ಇತ್ತು.

ಬೆಲ್ಲಾಯಿತು. ಶರಣಮ್ಮ ಎದ್ದು ಬಾಗಿಲು ತೆಗೆದಳು.

"ವಿಜಯಮ್ಮ ಅವ್ರ ಮನೆ ಅಲ್ವಾ ತಾಯಿ?"

ದನಿ ಕೇಳಿಯೇ ವಿಜಯಲಕ್ಷ್ಮಿ ತಾಟು ಕೆಳಗಿಟ್ಟಳು. ಬಾಗಿಲಿಗೆ ಓಡಿದಳು. ದಾಸಪ್ಪ ನಿಂತಿದ್ದ. ತಲೆಗೆ ನೀರು ಹಾಕಿಕೊಂಡು, ಕೂದಲು ಬಾಚಿ, ಮದುವೆಗೆ ಹೋಗುವವನ ಹಾಗೆ ಬಿಳಿ ಶರ್ಟು ತೊಟ್ಟು ಬಂದಿದ್ದ. ಆದರೂ ಆ ವಾಸನೆ ಅವನ ಜೊತೆಗೆ ಮೆಟ್ಟಿಲು ಹತ್ತಿ ಬಂದಿತ್ತು. ಕೈಯಲ್ಲಿ ಬಾಯಿ ಕಟ್ಟಿದ ಪ್ಲಾಸ್ಟಿಕ್ ಕವರು, ಅದರಲ್ಲಿ ಎರಡು ಹಿಡಿ ಫೀಡ್. ಅವಳನ್ನು ಕಂಡದ್ದೇ ಅವನ ಮುಖ ಸಡಿಲಾಯಿತು.

"ಅಬ್ಬಾ, ಸಿಕ್ಕಿದ್ರಲ್ಲ ವಿಜಯಮ್ಮ. ಎಷ್ಟು ಸಲ ಫೋನ್ ಮಾಡ್ದೆ, ನೀವು ಎತ್ಲಿಲ್ಲ. ನಮ್ಮ ನೀಲಿ..."

"ಯಾರು ಬೇಕಾಗಿತ್ತು ನಿಮಗೆ?" ಎಂದಳು ವಿಜಯಲಕ್ಷ್ಮಿ.

ದಾಸಪ್ಪ ತಮಾಷೆಯೆಂದುಕೊಂಡು ನಗಲು ಹೋದ. ಅವಳು ನಗಲಿಲ್ಲ. "ನೀವು ಹುಡುಕ್ತಿರೋರು ನಾನಲ್ಲ. ಬೇರೆ ಯಾವ್ದೋ ಮನೆ ಇರ್ಬೇಕು" ಎಂದಳು. ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು.

ದಾಸಪ್ಪ ಅವಳ ಭುಜದಾಚೆ ನೋಡಿದ. ಕಪ್ಪು ಕನ್ನಡಕದ ತಾಯಿ, ಹಣೆಯ ಮೇಲಿನ ವಿಭೂತಿ, ತಾಟು ಹಿಡಿದು ಇತ್ತ ತಿರುಗಿ ನೋಡುತ್ತಿದ್ದ ಇಬ್ಬರು, ದೇವರ ಗೂಡಿನಲ್ಲಿ ಉರಿಯುತ್ತಿದ್ದ ದೀಪ. ಕವರು ಹಿಡಿದ ಕೈ ಮೆಲ್ಲಗೆ ಬೆನ್ನ ಹಿಂದೆ ಹೋಯಿತು.

"ಹೌದು ಮೇಡಂ, ತಪ್ಪಾಯ್ತು" ಎಂದ. "ಈ ಕಡೆ ಕ್ರಾಸುಗಳೆಲ್ಲಾ ಒಂದೇ ಥರ ಕಾಣ್ತವೆ. ಅಡ್ರೆಸ್ಸು ತಪ್ಪಿದೀನಿ."

"ಬಿಸಲಾಗ ಬಂದೀರಿ, ನೀರರೆ ಕುಡದ ಹೋಗ್ರೀ" ಎಂದು ಶರಣಮ್ಮ ಒಳಗೆ ತಿರುಗಿದಳು.

"ಬೇಡ ತಾಯಿ, ಬೇಡ" ಎನ್ನುತ್ತ ಅವನು ಆಗಲೇ ಅರ್ಧ ಮೆಟ್ಟಿಲು ಇಳಿದಿದ್ದ.

ಬಾಗಿಲು ಮುಚ್ಚಿದ ಮೇಲೆ ರೇಣುಕವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನ್ ವಾಸನಿ ಯವ್ವಾ, ಊಟ ಮಾಡೂ ಹೊತ್ತಿನಾಗ" ಎಂದಳು. "ಗಟಾರದಾಗಿಂದ ಎದ್ದ ಬಂದಾನೋ ಏನೋ" ಎಂದು ದುಂಡಪ್ಪ ನಕ್ಕ. ವಿಜಯಲಕ್ಷ್ಮಿಯೂ ನಕ್ಕಳು. ಶರಣಮ್ಮ ನಗಲಿಲ್ಲ. ತುಂಬಿದ ನೀರಿನ ಚೊಂಬನ್ನು ಹಾಗೇ ಮೇಜಿನ ಮೇಲಿಟ್ಟಳು.

ನಾಲ್ಕು ಗಂಟೆಗೆ ನೆಂಟರು ಹೊರಟ ಮೇಲೆ ವಿಜಯಲಕ್ಷ್ಮಿ ಫೋನು ತೆಗೆದುಕೊಂಡು ತಾರಸಿಗೆ ಹೋದಳು. ದಾಸಪ್ಪನಿಂದ ಐದು ಕರೆ, ತೇಜಸ್ವಿನಿಯಿಂದ ಎರಡು. ದಾಸಪ್ಪನ ನಂಬರಿಗೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಅವನು ಎತ್ತಲಿಲ್ಲವೆಂದು ಅವಳಿಗೆ ಸಮಾಧಾನವೇ ಆಯಿತು. ಇನ್ನೊಮ್ಮೆ ಮಾಡಲಿಲ್ಲ, ತೇಜಸ್ವಿನಿಗಂತೂ ಮಾಡಲೇ ಇಲ್ಲ. ನಾಳೆ ಹೇಗೂ ತೂಕದ ದಿನ, ಎದುರಿಗೇ ಮಾತಾಡಿದರಾಯಿತು ಎಂದುಕೊಂಡಳು.

ಕೆಳಗೆ ಬಂದಾಗ ಶರಣಮ್ಮ ಕಣ್ಣಿಗೆ ಹನಿ ಹಾಕಿಸಿಕೊಳ್ಳಲು ಕಾಯುತ್ತಿದ್ದಳು. ಮಲಗಿಕೊಂಡು, ಕಣ್ಣು ಮುಚ್ಚಿಕೊಂಡೇ, "ಅವ್ರು ನಿನ್ನ ಮಾರಿ ನೋಡಿ ಹೆಸರ ಹಿಡದ ಕರದ್ರು" ಎಂದಳು.

"ಯಾರೋ ಏನೋ ಬೇ. ಈ ಊರಾಗ ವಿಜಯಾ ಅನ್ನೋರು ಸಾವಿರ ಮಂದಿ ಅದಾರ."

ಶರಣಮ್ಮ ಹನಿಯ ಸೀಸೆಯನ್ನು ಮಗಳ ಕೈಗೆ ಕೊಟ್ಟಳು.

ಸೋಮವಾರ ಎಂಟೂವರೆಗೆ ವಿಜಯಲಕ್ಷ್ಮಿ ಸ್ಕೂಟರಿನಲ್ಲಿ ವಸಂತಪುರ ದಾಟಿ ಗೂಡುಗಳ ಹತ್ತಿರ ಇಳಿದಾಗ, ಬೇವಿನ ಮರದ ಬುಡದಲ್ಲಿ ಗೋಣಿಚೀಲ ಹೊದಿಸಿದ್ದು ಕಾಣಿಸಿತು. ಚೀಲದಡಿಯಿಂದ ಪುಟ್ಟ ಗೊರಸುಗಳು ಹೊರಗೆ ಚಾಚಿದ್ದವು. ಐದು ಮರಿಗಳು. ಐದೂ ನೀಲಿ ಗೂಡಿನವು.

ದಾಸಪ್ಪ ಒಂದು ಗೂಡಿನೊಳಗೆ ಕೂತು, ಸೋತ ಮರಿಯೊಂದಕ್ಕೆ ಸಿರಿಂಜಿನಿಂದ ಸಕ್ಕರೆ ಉಪ್ಪಿನ ನೀರು ಕುಡಿಸುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಬನ್ನಿ ಮೇಡಂ" ಎಂದ.

ಆಮೇಲೆ ನಡೆದದ್ದನ್ನು ಕ್ರಮವಾಗಿ ಹೇಳಿದ. ಹೊಸ ಮೂಟೆಗಳನ್ನು ಬಿಚ್ಚಿದ್ದು ಶುಕ್ರವಾರ ಸಂಜೆ. ಶನಿವಾರ ನೀಲಿ ಗೂಡಿನ ಮರಿಗಳು ತೊಟ್ಟಿಗೆ ಬಾಯಿ ಹಾಕಿ ಹಿಂದೆ ಸರಿದವು. ಭಾನುವಾರ ಬೆಳಿಗ್ಗೆಯೂ ತಿನ್ನಲಿಲ್ಲ, ತೊಟ್ಟಿಯ ಹತ್ತಿರ ಹೋಗಿ ತಲೆ ಒದರುತ್ತಿದ್ದವು. ಭಾನುವಾರ ಸಂಜೆಗೆ ಹಸಿವು ತಡೆಯದೆ ತಿಂದವು. ರಾತ್ರಿ ಭೇದಿ ಹಿಡಿಯಿತು. ಬೆಳಗಾಗುವುದರಲ್ಲಿ ಐದು ಹೋಗಿದ್ದವು. ಆಗಷ್ಟೇ ಅವನು ಹಸಿರು ಗೂಡಿನ ಫೀಡನ್ನು ಎಲ್ಲಕ್ಕೂ ಹಾಕಿದ್ದ.

"ನಿಮ್ಮನ್ನ ಕೇಳ್ದೆ ಬದಲಾಯಿಸ್ದೆ ಮೇಡಂ. ಬೇರೆ ದಾರಿ ಕಾಣ್ಲಿಲ್ಲ."

ವಿಜಯಲಕ್ಷ್ಮಿ ಮೂಟೆಯೊಳಗೆ ಕೈ ಹಾಕಿ ಮೂಗಿನ ಹತ್ತಿರ ತಂದಳು. ಓಮದ ಘಾಟು ಮೂಗಿನಿಂದ ನೆತ್ತಿಗೆ ಏರಿತು. ಇಷ್ಟು ಇರಬಾರದಿತ್ತು. ಮರೆಗೆ ಹೋಗಿ ಫೋನಿನಲ್ಲಿ ಮಿಕ್ಸಿಂಗ್ ಶೀಟು ತೆರೆದಳು. ಐನೂರು ಕಿಲೋ ಫೀಡಿಗೆ ಒಂದು ಕಿಲೋ ಪುಡಿ ಎಂದು ಇರಬೇಕಾದಲ್ಲಿ ಐವತ್ತು ಕಿಲೋಗೆ ಒಂದು ಕಿಲೋ ಎಂದಿತ್ತು. ತಾಯಿ ಬಂದ ದಿನ, ಸ್ಟೇಷನ್ನಿಗೆ ಹೋಗುವ ಗಡಿಬಿಡಿಯಲ್ಲಿ ಅವಳೇ ಟೈಪು ಮಾಡಿ ಫೀಡ್ ಬೆರೆಸುವ ಮಿಲ್ಲಿಗೆ ಕಳಿಸಿದ ಶೀಟು. ಒಂದು ಸೊನ್ನೆ ಬಿಟ್ಟುಹೋಗಿತ್ತು.

ಆಗಲೇ ಹೋಗಿ ದಾಸಪ್ಪನಿಗೆ ಹೇಳಬಹುದಿತ್ತು. ನಾಲ್ಕು ಹೆಜ್ಜೆಯ ದೂರ. ಅವಳು ಹೋಗಿ ಹೇಳಿದ್ದು, "ಸ್ಯಾಂಪಲ್ ಲ್ಯಾಬಿಗೆ ಕಳಿಸ್ತೀನಿ. ಏನಂತ ನೋಡೋಣ" ಎಂದು.

"ಆಗ್ಲಿ ಮೇಡಂ" ಎಂದು ದಾಸಪ್ಪ ಮತ್ತೆ ಮರಿಯ ಹತ್ತಿರ ಕೂತ.

ಪರೀಕ್ಷೆಯ ಪುಸ್ತಕ ತರಲು ಮನೆಯ ಕಡೆ ನಡೆದಾಗ ತೇಜಸ್ವಿನಿ ಜಗಲಿಯ ಮೇಲೆ ನಿಂತಿದ್ದಳು. ಕಾಲೇಜಿಗೆ ಹೋಗಿರಲಿಲ್ಲ. ಕಣ್ಣು ಕೆಂಪಗಾಗಿದ್ದವು. ಪುಸ್ತಕ ಕೊಡುವ ಮೊದಲು ಅವಳು ಅಪ್ಪನಿಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದಳು:

"ಪುಸ್ತಕದ ಮೊದಲ್ನೇ ಪೇಜಲ್ಲಿರೋ ಅಡ್ರೆಸ್ ನೋಡ್ಕೊಂಡು ನಿನ್ನೆ ಅಪ್ಪನ್ನ ಗಾಡೀಲಿ ಕರ್ಕೊಂಡ್ ಬಂದಿದ್ದು ನಾನೇ. ಕೆಳಗೆ ಗೇಟ್ ಹತ್ರ ನಿಂತಿದ್ದೆ. ಎಲ್ಲಾ ಕೇಳಿಸ್ತು ನಂಗೆ."

ವಿಜಯಲಕ್ಷ್ಮಿ ಪುಸ್ತಕಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಕಾಲೇಜಲ್ಲಿ ನಾನೂ ಹೇಳಲ್ಲ ಅಕ್ಕ. ನಮ್ಮಪ್ಪ ಟ್ರಾನ್ಸ್‌ಪೋರ್ಟ್ ಇಟ್ಟಿದಾರೆ ಅಂತೀನಿ. ನೀವು ನಿಮ್ಮಮ್ಮಂಗೆ ಹೇಳಿಲ್ಲ ಅಂದ್ರೆ ನಂಗೆ ಅರ್ಥ ಆಗುತ್ತೆ. ಆದ್ರೆ ಅಪ್ಪನ ಮುಖ ನೋಡ್ಕೊಂಡು ನೀವ್ಯಾರು ಅಂತ ಕೇಳಕ್ಕೆ ನನ್ನಿಂದ ಆಗಲ್ಲ. ಬಾಗಿಲು ಮುಂದಕ್ಕೆ ಎಳ್ಕೊಂಡು ಹೊರಗಡೆ ಬಂದು ಎರಡು ನಿಮಿಷ ಮಾತಾಡಿದ್ರೆ ಸಾಕಾಗಿತ್ತು. ಸಂಜೆ ನಾನೇ ಅಪ್ಪಂಗೆ ಹೇಳ್ದೆ, ಫೀಡ್ ಚೇಂಜ್ ಮಾಡೋಣ, ಅವ್ರನ್ನೇನ್ ಕೇಳೋದು ಅಂತ. ಮಾತು ಕೊಟ್ಟಿದೀನಿ ಕಣೇ, ಒಂದು ದಿನ ನೋಡೋಣ, ಫೋನ್ ಮಾಡ್ತಾರೆ ಅಂದ್ರು."

ಫೋನು ಮಾಡಿದ್ದೆ ಎಂದು ಹೇಳಲು ವಿಜಯಲಕ್ಷ್ಮಿಯ ನಾಲಿಗೆಯ ತುದಿಗೆ ಬಂತು. ಒಂದೇ ಸಲ ಮಾಡಿದ್ದು, ಅವನು ಎತ್ತಲಿಲ್ಲವೆಂದು ನಿಟ್ಟುಸಿರು ಬಿಟ್ಟದ್ದು ನೆನಪಾಗಿ ನುಂಗಿಕೊಂಡಳು. ಪುಸ್ತಕ ತೆಗೆದುಕೊಂಡು, ತಲೆ ಎತ್ತದೆ ಸ್ಕೂಟರಿನ ಕಡೆ ನಡೆದಳು. ಆ ದಿನ ತೂಕ ಹಾಕಲಿಲ್ಲ.

ಮಧ್ಯಾಹ್ನ ಆಫೀಸಿನಲ್ಲಿ ಸಂಜೀವಯ್ಯ ಅವಳನ್ನು ಕೋಣೆಗೆ ಕರೆದ. ಸಂಶೋಧನಾ ವಿಭಾಗದ ಮುಖ್ಯಸ್ಥ ಅವನು, ನಿವೃತ್ತಿಗೆ ಇನ್ನೆರಡು ವರ್ಷವಿದ್ದ, ಯಾರ ಮೇಲೂ ದನಿ ಏರಿಸದ ಮನುಷ್ಯ. ಮಿಕ್ಸಿಂಗ್ ಶೀಟನ್ನು ಅವಳೇ ಅವನ ಮುಂದಿಟ್ಟಳು. ಅವನು ಬಹಳ ಹೊತ್ತು ಅದನ್ನೇ ನೋಡಿದ.

"ಇದನ್ನ ಇನ್ನೂ ಯಾರು ನೋಡಿದಾರೆ?"

"ಮಿಲ್ಲಿನವ್ರು ಸಾರ್. ಅವ್ರಿಗೆ ಯಾವ್ದು ಸರಿ ಅಂತ ಗೊತ್ತಿಲ್ಲ."

"ನೋಡಿ ವಿಜಯಲಕ್ಷ್ಮಿ, ಪುಡೀದೇನೂ ತಪ್ಪಿಲ್ಲ. ಆದ್ರೆ ಹತ್ತು ಪಟ್ಟು ಬಿದ್ದಿದೆ ಅಂತ ಹೊರಗಡೆ ಹೋದ್ರೆ, ಹತ್ತು ಪಟ್ಟು ಅನ್ನೋದನ್ನ ಯಾರೂ ನೆನಪಿಟ್ಕೊಳಲ್ಲ. ಮರಿ ಸತ್ತಿದ್ದನ್ನ ಮಾತ್ರ ನೆನಪಿಟ್ಕೊಳ್ತಾರೆ. ಎರಡು ವರ್ಷದ ಕೆಲಸ ಇದು." ಕನ್ನಡಕ ತೆಗೆದು ಒರೆಸಿಕೊಂಡ. "ಆ ಜಾಗ ಹೇಗಿದೆ ಅಂತ ಎಲ್ಲರಿಗೂ ಗೊತ್ತು. ಛತ್ರದ ಎಂಜಲು ತರ್ತಾರೆ, ನೈರ್ಮಲ್ಯ ಅಷ್ಟಕ್ಕಷ್ಟೇ. ಸಾಕಣೆಯಲ್ಲಿ ಲೋಪ, ಸೋಂಕಿನ ಅನುಮಾನ ಅಂತ ಬರೀರಿ. ಮರಿಗಳ ಬೆಲೆ ನಾವು ಕೊಟ್ಬಿಡೋಣ. ಅವ್ರಿಗೂ ನಷ್ಟ ಆಗಲ್ಲ."

"ಹೂಂ ಸಾರ್" ಎಂದಳು ವಿಜಯಲಕ್ಷ್ಮಿ.

ತನ್ನ ಮೇಜಿಗೆ ಬಂದು ಕೂತ ಮೇಲೆ ಅವಳಿಗೆ ತಾನು ಹೂಂ ಎಂದದ್ದು ಅರಿವಿಗೆ ಬಂತು. ಎರಡು ದಿನದಲ್ಲಿ ಅದೇ ಮನುಷ್ಯನನ್ನು ಎರಡನೆಯ ಸಲ ಬಾಗಿಲಿನಿಂದ ಹೊರಗೆ ಹಾಕಿದಂತಾಗಿತ್ತು. ಆದರೂ ಅವಳು ಕಂಪ್ಯೂಟರಿನಲ್ಲಿ ವರದಿಯ ನಮೂನೆ ತೆರೆದಳು, ಒಂದು ಸಾಲು ಬರೆದಳು ಕೂಡ. ಸಾವಿನ ದಿನಾಂಕ, ಗೂಡಿನ ಸಂಖ್ಯೆ ತುಂಬಲು ತೇಜಸ್ವಿನಿಯ ಪುಸ್ತಕ ಬೇಕಾಗಿತ್ತು. ಬ್ಯಾಗಿನಿಂದ ತೆಗೆದು ಭಾನುವಾರದ ಪುಟ ತಿರುಗಿಸಿದಳು.

ಅದೇ ದುಂಡನೆಯ ಅಕ್ಷರ. "ಬೆಳಿಗ್ಗೆ ಏಳು ಗಂಟೆ: ನೀಲಿ ಗೂಡು ನಾಲ್ಕರಲ್ಲೂ ಫೀಡ್ ಹಾಗೇ ಉಳಿದಿದೆ. ವಾಸನೆ ಜಾಸ್ತಿ ಇದೆ. ಮೇಡಂಗೆ ಫೋನ್ ಮಾಡಲಾಯಿತು, ತೆಗೆಯಲಿಲ್ಲ." ಅದರ ಕೆಳಗೆ: "ಹನ್ನೊಂದು ಗಂಟೆ: ಅಪ್ಪ ಫೀಡ್ ತೋರಿಸಲು ಮೇಡಂ ಮನೆಗೆ ಹೋದರು. ಮೇಡಂ ಮನೆಯಲ್ಲಿರಲಿಲ್ಲ."

ಕೊನೆಯ ಮಾತಿನ ಮೇಲೆ ಪೆನ್ನು ಕಾಗದ ಹರಿಯುವಷ್ಟು ಒತ್ತಿತ್ತು. ತೇಜಸ್ವಿನಿ ಅದನ್ನು ಇಷ್ಟಪಟ್ಟು ಬರೆದಿರಲಿಲ್ಲ. ಹೇಳಿ ಬರೆಸಿದವನು ಯಾರೆಂದು ವಿಜಯಲಕ್ಷ್ಮಿಗೆ ತಿಳಿಯಿತು. ಮರಿಗಳು ಆಹಾರ ಬಿಟ್ಟ ಆತಂಕದಲ್ಲಿ, ಅವಮಾನ ಮಾಡಿಸಿಕೊಂಡು ಮನೆಗೆ ಹಿಂದಿರುಗಿ, ದಾಸಪ್ಪ ಮೊದಲು ಮಾಡಿದ್ದು ಅವಳ ಮಾನ ಕಾಪಾಡುವ ಕೆಲಸ. ನಾಳೆ ಯಾರಾದರೂ ಈ ಪುಸ್ತಕ ತೆರೆದು ನೋಡಿದರೆ ಮೇಡಂ ಮನೆಯಲ್ಲಿ ಇದ್ದೂ ಮಾತಾಡಲಿಲ್ಲ ಎಂದು ಇರಬಾರದೆಂದು ಅವನು ಯೋಚಿಸಿದ್ದ.

ಅವಳು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಅಳು ನಿಂತ ಮೇಲೂ ಹಗುರವಾಗಲಿಲ್ಲ. ಮೇಜಿಗೆ ಬಂದು ಕಪ್ಪು ಪೆನ್ನು ತೆಗೆದುಕೊಂಡಳು. ಪರೀಕ್ಷೆಯ ಪುಸ್ತಕದಲ್ಲಿ ತಪ್ಪು ತಿದ್ದುವುದಕ್ಕೆ ಒಂದು ಕ್ರಮವಿದೆ. ಅಳಿಸುವಂತಿಲ್ಲ, ಕೆಳಗಿನದು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು ಸಹಿ ಹಾಕಬೇಕು. ಅವಳು ಗೆರೆ ಎಳೆದಳು. ಪಕ್ಕದಲ್ಲಿ ಬರೆದಳು: "ನಾನು ಮನೆಯಲ್ಲಿದ್ದೆ. ದಾಸಪ್ಪನವರು ಫೀಡ್ ತಂದು ತೋರಿಸಲು ಬಂದರು. ನಾನು ಅವರನ್ನು ಮಾತಾಡಿಸದೆ ಕಳಿಸಿದೆ." ಸಹಿ ಹಾಕಿ, ದಿನಾಂಕ ಬರೆದಳು. ವರದಿಯಲ್ಲಿ ಬರೆದಿದ್ದ ಸಾಲನ್ನು ಅಳಿಸಿ, ಸಾವಿಗೆ ಕಾರಣ ತಾನು ಕಳಿಸಿದ ಶೀಟಿನ ತಪ್ಪು ಎಂದು ತುಂಬಿದಳು. ಹಾಗೆ ತುಂಬಿದ್ದನ್ನು ಸಂಜೀವಯ್ಯನಿಗೂ ಗುಣಮಟ್ಟ ವಿಭಾಗಕ್ಕೂ ಒಟ್ಟಿಗೇ ಕಳಿಸಿದಳು, ಮತ್ತೆ ಮನಸ್ಸು ಬದಲಿಸಲು ಆಗದಿರಲಿ ಎಂದು.

ಸಂಜೀವಯ್ಯ ಅರ್ಧ ಗಂಟೆಯಲ್ಲಿ ಅವಳ ಮೇಜಿನ ಹತ್ತಿರವೇ ಬಂದ. ಪುಸ್ತಕದ ಪುಟವನ್ನು ನಿಂತೇ ಓದಿದ.

"ಶೀಟ್ ತಪ್ಪಾಯ್ತು ಅಂತ ಬರೆದಿದ್ರೆ ಸಾಕಾಗಿತ್ತಲ್ಲ ರೀ. ನೀವು ಮನೇಲಿದ್ರೋ ಇಲ್ವೋ ಯಾರಿಗೆ ಬೇಕಿತ್ತು?"

"ಇದ್ದೆ ಸಾರ್."

ಅವನು ಅವಳನ್ನು ಒಂದು ಕ್ಷಣ ನೋಡಿ, ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು ಹೋದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಸಂಜೆ ಮನೆಗೆ ಹೋದಾಗ ಶರಣಮ್ಮ ಕಿಟಕಿಯ ಹತ್ತಿರ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ವಿಜಯಲಕ್ಷ್ಮಿ ಎದುರಿಗೆ ನೆಲದ ಮೇಲೆ ಕೂತಳು. ಯೋಚಿಸಿಟ್ಟುಕೊಂಡ ಮಾತುಗಳೆಲ್ಲ ಮರೆತುಹೋದವು.

"ಯವ್ವಾ, ನಿನ್ನೆ ಬಂದಿದ್ರಲ್ಲ, ಅವ್ರು ನಂಗ ಗೊತ್ತಿರೋರು. ದಾಸಪ್ಪ ಅಂತ. ಹಂದಿ ಸಾಕ್ತಾರ. ನಾ ಕೆಲಸ ಮಾಡೂದು ಅಲ್ಲೇ. ದನದ ಹಿಂಡಿ ಅಲ್ಲ ಬೇ, ಹಂದಿಮರಿಗೆ ಹಾಕೂ ಆಹಾರ. ವಾರದಾಗ ಎರಡು ದಿನ ನಾನs ಅವನ್ನ ಎತ್ತಿ ತೂಕ ಮಾಡ್ತೇನಿ."

ಶರಣಮ್ಮನ ಕೈ ನಿಂತಿತು. ಕಪ್ಪು ಕನ್ನಡಕದ ಹಿಂದೆ ಅವಳ ಕಣ್ಣಲ್ಲಿ ಏನಿದೆಯೆಂದು ಕಾಣುತ್ತಿರಲಿಲ್ಲ.

"ಎಷ್ಟು ದಿವಸಾತು?"

"ಮೂರು ವರ್ಷ."

"ಆ ಕೈಲೇ ನಂಗ ರೊಟ್ಟಿ ಬಡದ ಹಾಕೀದಿ."

"ಸ್ನಾನ ಮಾಡೇ ಮನಿಗೆ ಬರ್ತೇನಿ ಬೇ."

ಶರಣಮ್ಮ ಬುಟ್ಟಿ ಪಕ್ಕಕ್ಕೆ ಸರಿಸಿ ಎದ್ದಳು. ಅಡುಗೆಮನೆಯ ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. "ಹಂದಿ ಮುಟ್ಟೂ ಕೆಲಸ ಮಾಡ್ತಿ ಅಂತ ಹೇಳಿದ್ರ ನಾ ಅಳತಿದ್ದೆ, ಬೈತಿದ್ದೆ. ಆಮ್ಯಾಲೆ ಏನರೆ ಆಗತಿತ್ತು. ಆದ್ರ ಮನಿ ಬಾಗಿಲಕ್ಕ ಬಂದ ಹಿರೇ ಮನಶ್ಯಾಗ ನೀ ಯಾರು ಅಂತ ಕೇಳಿದೆಲ್ಲ, ಅದನ್ನ ನಾ ನಿನಗ ಕಲಿಸಿದ್ದಿಲ್ಲ. ನನ್ನ ಎದರಿಗೆ ಕೇಳಿದಿ. ಅವ್ರು ಏನ್ ತಿಳಕೊಂಡಿರಬೇಕು? ಈಕಿ ತಾಯೀನs ಹಿಂಗ ಇರಬೇಕು ಅಂತ ತಿಳಕೊಂಡಿರಬೇಕು."

ಆ ರಾತ್ರಿ ಶರಣಮ್ಮ ತನ್ನ ಅಡುಗೆ ತಾನೇ ಮಾಡಿಕೊಂಡಳು. ಮರುದಿನವೂ ಹಾಗೇ. ಮಗಳಿಗೂ ಬಡಿಸುತ್ತಿದ್ದಳು, ಮಗಳ ಕೈಯಿಂದ ಮಾತ್ರ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಕಣ್ಣಿನ ಹನಿಯನ್ನು ಕನ್ನಡಿ ನೋಡಿಕೊಂಡು ತಾನೇ ಹಾಕಿಕೊಳ್ಳಲು ಹೋಗಿ ಕೆನ್ನೆಯ ಮೇಲೆಲ್ಲ ಸುರಿಸಿಕೊಂಡಳು. ಕೊನೆಗೆ ಅದಕ್ಕೊಂದಕ್ಕೆ ವಿಜಯಲಕ್ಷ್ಮಿಯನ್ನು ಕರೆದಳು. ಡಾಕ್ಟರು ಇನ್ನೊಮ್ಮೆ ನೋಡಿದ ಮೇಲೆ, ಇನ್ನೂ ಒಂದು ವಾರ ಇರಬೇಕಾಗಿದ್ದವಳು ಶುಕ್ರವಾರದ ರೈಲಿಗೆ ಹೊರಟಳು. ಸ್ಟೇಷನ್ನಿನಲ್ಲಿ, "ಊರಾಗ ನಾ ಯಾರಿಗೂ ಏನೂ ಹೇಳಂಗಿಲ್ಲ" ಎಂದಳು. ಅದು ಸಮಾಧಾನದ ಮಾತೋ, ಸಿಟ್ಟಿನ ಮಾತೋ ವಿಜಯಲಕ್ಷ್ಮಿಗೆ ತಿಳಿಯಲಿಲ್ಲ.

ಅದಾದ ಮೇಲಿನ ವಾರ ಕಂಪನಿ ದಾಸಪ್ಪನ ಗೂಡುಗಳಲ್ಲಿ ನಡೆಯುತ್ತಿದ್ದ ಪರೀಕ್ಷೆಯನ್ನು ನಿಲ್ಲಿಸಿತು. ಸತ್ತ ಮರಿಗಳ ಪರಿಹಾರ ಅವನಿಗೆ ಸಂದಾಯವಾಯಿತು. ವಿಜಯಲಕ್ಷ್ಮಿಯನ್ನು ಹೊರಗಿನ ಕೆಲಸದಿಂದ ತೆಗೆದು, ಮೊಟ್ಟೆಕೋಳಿ ವಿಭಾಗದ ಅಂಕಿಅಂಶ ನೋಡುವ ಮೇಜಿಗೆ ಹಾಕಿದರು. ಯಾರೂ ಮುಖಕ್ಕೆ ಹೊಡೆದಂತೆ ಏನೂ ಅನ್ನಲಿಲ್ಲ. ಅವಳ ಶೀಟುಗಳನ್ನು ಮಾತ್ರ ಇನ್ನೊಬ್ಬರು ನೋಡಿ ಸಹಿ ಹಾಕಬೇಕೆಂಬ ನಿಯಮ ಬಂತು.

ಆ ವಾರದ ಶನಿವಾರ ಅವಳು ದಾಸಪ್ಪನಲ್ಲಿಗೆ ಹೋದಳು. ಅವನು ಗೂಡ್ಸ್ ಆಟೋದಿಂದ ಡ್ರಮ್ಮುಗಳನ್ನು ಇಳಿಸುತ್ತಿದ್ದ. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು: ಸೊನ್ನೆ ಬಿಟ್ಟುಹೋದದ್ದು, ಸೋಮವಾರ ಬೆಳಿಗ್ಗೆಯೇ ತನಗೆ ಗೊತ್ತಾಗಿ ಸ್ಯಾಂಪಲ್ಲಿನ ನೆಪ ಹೇಳಿದ್ದು, ಅವನ ಮೇಲೆ ತಪ್ಪು ಹೊರಿಸಲು ಹೂಂ ಎಂದದ್ದು, ಪುಸ್ತಕದಲ್ಲಿ ಗೆರೆ ಎಳೆದದ್ದು. "ಮನೇಲಿ ಹಾಗೆ ಮಾಡಿದ್ದಕ್ಕೆ ನಂಗೆ ಕ್ಷಮೆ ಕೇಳೋಕೂ ಮುಖ ಇಲ್ಲ ದಾಸಪ್ಪಣ್ಣ" ಎಂದಳು.

ದಾಸಪ್ಪ ಡ್ರಮ್ಮನ್ನು ಕೆಳಗಿಟ್ಟು ಕೈ ಒರೆಸಿಕೊಂಡ. ಅವನಿಗೆ ಮುಜುಗರವಾದದ್ದು ಮುಖದಲ್ಲೇ ಕಾಣುತ್ತಿತ್ತು. "ಅದ್ಯಾಕೆ ಪುಸ್ತಕದಲ್ಲೆಲ್ಲಾ ಬರೆಯಕ್ಕೆ ಹೋದ್ರಿ? ಮನೇಲಿ ಹಿರಿಯರು ಇರ್ತಾರೆ, ಪೂಜೆ ಪುನಸ್ಕಾರ ಇರುತ್ತೆ. ನಾನೇ ಹೇಳ್ದೆ ಕೇಳ್ದೆ ಬರಬಾರ್ದಿತ್ತು."

"ಹಾಗೆ ಅನ್ನಬೇಡಿ. ತಪ್ಪು ನಂದು."

"ಇರ್ಲಿ ಬಿಡಿ ಮೇಡಂ."

ಅವಳು "ಮೊದಲಿನ ಥರ ವಿಜಯಮ್ಮ ಅನ್ನಿ" ಎಂದು ಕೇಳಿದಳು. ಕೇಳಿದ ಮೇಲೆ, ಕೇಳಬಾರದಾಗಿತ್ತು ಎನಿಸಿತು.

ದಾಸಪ್ಪ ಸುಳ್ಳು ಹೇಳಲಿಲ್ಲ. "ಬಾಯಿಗೆ ಬರ್ತಿಲ್ಲ ಮೇಡಂ" ಎಂದ. "ಬಂದಾಗ ಅಂತೀನಿ."

ಗೂಡುಗಳ ಕಡೆಯಿಂದ ತೇಜಸ್ವಿನಿ ಕೂಗಿದಳು. ಉಳಿದ ನೀಲಿ ಗೂಡಿನ ಮರಿಗಳಲ್ಲಿ ಎರಡು ಇನ್ನೂ ಸರಿಯಾಗಿ ತಿನ್ನುತ್ತಿಲ್ಲ, ಹಿಂಡಿಯಲ್ಲಿ ಏನು ಬೆರೆಸಬೇಕು, ಎಷ್ಟು ಬೆರೆಸಬೇಕು ಎಂದು ಕೇಳುತ್ತಿದ್ದಳು. ಪ್ರಶ್ನೆ ವಿಜಯಲಕ್ಷ್ಮಿಗೇ ಕೇಳಿದ್ದಾದರೂ ಅವಳು ನೋಡುತ್ತಿದ್ದುದು ಅಪ್ಪನನ್ನು. ದಾಸಪ್ಪ ತಲೆಯಾಡಿಸಿದ. ವಿಜಯಲಕ್ಷ್ಮಿ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿಕೊಂಡು ಗೂಡಿನೊಳಗೆ ಇಳಿದಳು. ಮರಿಯ ಹೊಟ್ಟೆ ಮುಟ್ಟಿ ನೋಡಿ, ಬೇಯಿಸಿದ ಅಕ್ಕಿನುಚ್ಚಿಗೆ ಎಷ್ಟು ಹಿಂಡಿ ಬೆರೆಸಬೇಕೆಂದು ಹೇಳಿದಳು. ತೇಜಸ್ವಿನಿ ಕೈಯ ಮೇಲೆ ಪೆನ್ನಿನಿಂದ ಬರೆದುಕೊಂಡು, ಬರೆದದ್ದನ್ನು ಓದಿ ಹೇಳಿ, "ಸರೀನಾ? ಇನ್ನೊಂದ್ ಸಲ ಲೆಕ್ಕ ಹಾಕಿ ಹೇಳಿ" ಎಂದಳು.

ವಿಜಯಲಕ್ಷ್ಮಿ ಇನ್ನೊಂದು ಸಲ ಲೆಕ್ಕ ಹಾಕಿ ಹೇಳಿದಳು.